ಬಾಯಿ ಕಾಣದ ಮಾತು

ಮಾರ್ಚ್ ೩

ತಮ್ಮಾ,

ಆ ಮೀಸೆ ತೆಗೆ.

ಈ ಭಾನುವಾರ ನೀನು ಟೀವಿಯಲ್ಲಿ ಚಂದ್ರನ ಬಗ್ಗೆ ಹೇಳಿದೆಯೋ ಚರಂಡಿಯ ಬಗ್ಗೆ ಹೇಳಿದೆಯೋ, ನಮ್ಮ ಗಿರಣಿ ಮನೆಗಳ ಸಾಲಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮೇಲ್ದುಟಿ ಪೂರ್ತಿ ಮುಚ್ಚಿಹೋಗಿದೆ. ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಬಾಬಿನ್ ಅಜ್ಜಿ ಎದ್ದು ಹೋಗಿ ಒದ್ದೆ ಬಟ್ಟೆಯಿಂದ ಟೀವಿಯ ಗಾಜು ಒರೆಸಿದಳು. ಬಾಯಿಯ ಮೇಲೆ ಕೊಳೆ ಕೂತಿದೆ ಅಂದುಕೊಂಡಿದ್ದಳು ಪಾಪ.

ಜನ ನಿನ್ನ ಮಾತನ್ನು ಹೊಗಳುತ್ತಾರಂತೆ. ವಿಜ್ಞಾನವನ್ನು ಇಷ್ಟು ಬಿಡಿಸಿ ಹೇಳುವವರು ಟೀವಿಯಲ್ಲಿ ಬೇರೆ ಇಲ್ಲವಂತೆ. ಅದು ಕಾಲೇಜಿನಲ್ಲಿ ಕಲಿತದ್ದಲ್ಲ ಎಂದು ಅವರಿಗೆ ಯಾರು ಹೇಳಬೇಕು? ಮಗ್ಗದ ಶೆಡ್ಡಿನ ಸದ್ದಿಗೆ ಕಿವಿ ಕಳೆದುಕೊಂಡು ಬಂದ ಅಕ್ಕನ ಹತ್ತಿರ ಊಟ ಕೇಳಬೇಕಾದರೂ ನೀನು ಬಾಯಿ ಅಗಲಿಸಿ, ತುಟಿ ದುಂಡಗೆ ಮಾಡಿ, ನಾಲಿಗೆ ತೋರಿಸಿ ಕೇಳಬೇಕಿತ್ತು. ಗಿರಣಿ ಮುಚ್ಚಿ ಯಾವ ಕಾಲವಾಯಿತು, ಇವತ್ತಿಗೂ ಈ ಸಾಲಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತೇವೆ. ಒಬ್ಬರ ಕಿವಿಯೂ ನೆಟ್ಟಗಿಲ್ಲ. ಟೀವಿಯ ಧ್ವನಿಯ ಗುಂಡಿ ಎಲ್ಲಿದೆ ಎಂದು ನನಗೆ ಗೊತ್ತೇ ಇಲ್ಲ.

ಇನ್ನೊಂದು ವಿಷಯ. ಹಿತ್ತಿಲ ಚರಂಡಿಯಲ್ಲಿ ಕಪ್ಪು ನೀರು ಬರುತ್ತಿದೆ. ಬೇಸಿಗೆಯಲ್ಲಿ ನೀರೆಲ್ಲಿಂದ? ಬಚ್ಚಲ ಬಾಗಿಲು ಮುಚ್ಚುತ್ತಿಲ್ಲ. ನಿನ್ನ ಭಾವ ಬಾಗಿಲನ್ನು ಕೆತ್ತಿ ಕೆತ್ತಿ ಸರಿ ಮಾಡುತ್ತಾರೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಬಾಗಿಲು ಊದಿದೆ ಅನ್ನುತ್ತಾರೆ. ನನಗೆ ಗೋಡೆಯೇ ವಾಲಿದ ಹಾಗೆ ಕಾಣುತ್ತದೆ. ಹಿಂದಿನ ಗುಡ್ಡೆಯ ಮೇಲೆ ಗಣಿಯವರು ಇನ್ನೂ ಮಣ್ಣು ತಂದು ಸುರಿಯುತ್ತಲೇ ಇದ್ದಾರೆ. ನಕ್ಷತ್ರ ಸಾಕು, ಸ್ವಲ್ಪ ಇಲ್ಲಿಗೆ ಬಂದು ನೋಡು.

ನಿನ್ನ ಅಕ್ಕ

ಮಾರ್ಚ್ ೨೪

ಅಕ್ಕಾ,

ಮೀಸೆ ಹೋಯಿತು. ಮೇಕಪ್ಪಿನವನು ಅರ್ಧ ದಿನ ಮುನಿಸಿಕೊಂಡಿದ್ದ.

ಕ್ಯಾಮರಾದವರ ಜೊತೆ ಬಂದ ದಿನ ನಿನ್ನ ಮನೆಯಲ್ಲಿ ಚಹಾ ಕುಡಿದು ಓಡಿಬಂದೆ, ಸರಿಯಾಗಿ ಮಾತಾಡಲಾಗಲಿಲ್ಲ. ಚರಂಡಿಯ ನೀರನ್ನೂ ಗೋಡೆಯ ಫೋಟೋಗಳನ್ನೂ ಮಣ್ಣಿನ ವಿಜ್ಞಾನಿ ಒಬ್ಬರಿಗೆ ತೋರಿಸಿದೆ. ಸರ್ಕಾರಿ ಪ್ರಯೋಗಾಲಯದಲ್ಲಿದ್ದಾರೆ, ನನಗೆ ಹಳೆಯ ಪರಿಚಯ. ಆಕೆ ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ಆಮೇಲೆ, "ಆ ಮನೆಗಳಲ್ಲಿ ಇನ್ನೂ ಜನ ಇದ್ದಾರಾ?" ಎಂದು ಕೇಳಿದರು.

ಅಕ್ಕಾ, ಸುತ್ತಿ ಬಳಸಿ ಹೇಳುವುದಿಲ್ಲ. ಗಣಿಯವರು ಆ ಮಣ್ಣನ್ನು ಹಳೆಯ ನೀರಿನ ಸೆಲೆಯ ಮೇಲೆ ಸುರಿದಿದ್ದಾರೆ. ಗುಡ್ಡೆ ಕುಸಿಯುತ್ತದೆ. ಮಳೆಗಾಲಕ್ಕೆ ಮುಂಚೆಯೇ ಕುಸಿಯಬಹುದು. ನೀನು, ಭಾವ, ಸಾಲಿನವರೆಲ್ಲ ಮನೆ ಬಿಡಬೇಕು. ನನ್ನ ಮನೆಗೆ ಬನ್ನಿ. ಇಕ್ಕಟ್ಟು, ಆದರೂ ಬನ್ನಿ.

ಆಕೆ ಕ್ಯಾಮರಾದ ಮುಂದೆ ಬರಲಾರರು, ಬಂದರೆ ಕೆಲಸ ಹೋಗುತ್ತದೆ. ಆದರೆ ಅವರು ಹೇಳಿದ್ದನ್ನು ನಾನು ಕಾರ್ಯಕ್ರಮದಲ್ಲಿ ಬಳಸಬಹುದು. ಸಂಪಾದಕರು ಒಪ್ಪಿದ್ದಾರೆ. ಏಪ್ರಿಲ್ ಎರಡನೆಯ ಭಾನುವಾರ ಪ್ರಸಾರ. ಎಲ್ಲವನ್ನೂ ಹೇಳುತ್ತೇನೆ. ಎಲ್ಲರನ್ನೂ ಕೂರಿಸಿ ನೋಡಿ.

ನಿನ್ನ ತಮ್ಮ

ಏಪ್ರಿಲ್ ೧

ತಮ್ಮಾ,

ನಿನ್ನ ಕಾಗದವನ್ನು ನಲ್ಲಿಯ ಹತ್ತಿರ ಎಲ್ಲರಿಗೂ ಓದಿ ಹೇಳಿದೆ. ಕೊಡ ಇಟ್ಟವರು ಕೊಡ ಮರೆತರು. ನೀರು ತುಂಬಿ ಹರಿದುಹೋಯಿತು.

"ಹೋಗು ಅಂತಾನಲ್ಲ, ಎಲ್ಲಿಗಂತೆ?" ಅಂದರು ಎಣ್ಣೆ ಮಾಮ. ಮಗ್ಗಗಳಿಗೆ ಎಣ್ಣೆ ಬಿಡುತ್ತಿದ್ದವರು, ನಿನಗೆ ನೆನಪಿರಬೇಕು. "ಗಿರಣಿಯವರು ಕೊಟ್ಟ ಮನೆ ಇದೊಂದೇ. ಬೀಗ ಹಾಕ್ಕೊಂಡು ಹೋದ್ರೆ ನಾಳೆ ಬೇರೆ ಬೀಗ ಬಿದ್ದಿರುತ್ತೆ."

"ಓಣಿ ತುದಿಯ ಆ ಅಂಗಡಿಯವನೇ ಹಾಕ್ತಾನೆ," ಅಂದಳು ಬಾಬಿನ್ ಅಜ್ಜಿ.

"ಹುಡುಗ ಸುಳ್ಳು ಹೇಳಲ್ಲ," ಅಂದರು ನಿನ್ನ ಭಾವ. ನಿನಗೆ ಈಗ ಐವತ್ತು ದಾಟಿದೆ. ಇವರಿಗೆ ನೀನು ಇನ್ನೂ ಹುಡುಗ.

ಎಣ್ಣೆ ಮಾಮ ಬಿಡಲಿಲ್ಲ. "ಸುಳ್ಳು ಅಂತ ಯಾರಪ್ಪ ಅಂದ್ರು? ಅಕ್ಕನ ಮೇಲಿನ ಪ್ರೀತಿಗೆ ಹೆದರಿ ಬರೆದಿರ್ತಾನೆ. ಮನೆಯವರಿಗೆ ಎಲ್ಲರೂ ಹಾಗೇ ಬರೆಯೋದು. ಊರಿಗೆಲ್ಲ ಟೀವಿಲಿ ಏನು ಹೇಳ್ತಾನೋ ನೋಡೋಣ. ಅಲ್ಲಿ ಅವನು ಸುಮ್‌ಸುಮ್ನೆ ಬಾಯಿ ಬಿಡಲ್ಲ."

ಕೊನೆಗೆ ಮಾತು ಅಲ್ಲಿಗೆ ನಿಂತಿತು. ನೀನು ಟೀವಿಯಲ್ಲಿ ನಿನ್ನ ಬಾಯಿಂದಲೇ "ಹೋಗಿ" ಎಂದರೆ ಸಾಲು ಪೂರ್ತಿ ಖಾಲಿ. ಹಾಗಂತ ಎಲ್ಲರೂ ತಲೆಯಾಡಿಸಿದ್ದಾರೆ. ಅಜ್ಜಿ ಆಗಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದ್ದಾಳೆ. ಅಡುಗೆಗೆ ನಮ್ಮ ಮನೆಯ ಪಾತ್ರೆ ಕೇಳಿಕೊಂಡು ಬರುತ್ತಾಳೆ.

ನನಗೆ ಬಿಟ್ಟುಹೋಗಲು ಮನಸ್ಸಿಲ್ಲ. ಆದರೂ ನೀನು ಹೇಳಿದರೆ ಹೊರಡುತ್ತೇನೆ. ಓಣಿಗೆಲ್ಲ ಫೋನಿರುವುದು ಆ ಅಂಗಡಿಯಲ್ಲೊಂದೇ, ಆದರೂ ಅಲ್ಲಿಗೆ ಮಾತ್ರ ಮಾಡಬೇಡ. ಅವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ.

ನಿನ್ನ ಅಕ್ಕ

ಏಪ್ರಿಲ್ ೧೫

ತಮ್ಮಾ,

ನಿನಗೆ ನಾಚಿಕೆಯಾಗಬೇಕು.

ಸಾಲಿನವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಕೂರಲು ಜಾಗವಿಲ್ಲದೆ ಹೊಸಿಲ ಮೇಲೆ, ಕಿಟಕಿಯ ಮೇಲೆ. ಎದುರಿಗೆ ನಿಂತವರನ್ನು ಬೈದು ಬೈದು ಕೂರಿಸಿದೆ. ನೀನು ಬಂದೆ, ಮೀಸೆಯಿಲ್ಲದ ಮುಖ, ಎಲ್ಲರಿಗೂ ಖುಷಿ. "ನಮಸ್ಕಾರ, ಇವತ್ತು ಒಂದು ಗುಡ್ಡೆಯ ಕಥೆ" ಅಂದೆ. ಆಮೇಲೆ ಎಲ್ಲಿಗೆ ಹೋದೆ? ಗುಡ್ಡೆ ತೋರಿಸಿದರು, ಲಾರಿ ತೋರಿಸಿದರು, ನಮ್ಮ ಚರಂಡಿ ತೋರಿಸಿದರು. ಅಜ್ಜಿಯ ಕೋಳಿಯೂ ಬಂತು, ಎಲ್ಲರೂ ಕೇಕೆ ಹಾಕಿದರು. ಆಮೇಲೆ ಒಂದು ಕೈ ಬಂದು ಒದ್ದೆ ತಟ್ಟೆಯ ಮೇಲೆ ಸಕ್ಕರೆ ರಾಶಿ ಹಾಕಿತು. ಎಣ್ಣೆ ಮಾಮ, "ಬಂತಪ್ಪ ಚಹಾಪುಡಿ ಜಾಹೀರಾತು," ಅಂದರು. ಸಕ್ಕರೆ ಕರಗಿ ಕುಸಿಯಿತು. "ಅಷ್ಟು ಸಕ್ಕರೆ ದಂಡ," ಅಂದಳು ಅಜ್ಜಿ.

ಆಮೇಲೆ ಟೈ ಕಟ್ಟಿದ ಒಬ್ಬರು ಬಂದರು. ಗಣಿಯ ದೊಡ್ಡ ಇಂಜಿನಿಯರಂತೆ. ಒಳ್ಳೆ ಬಾಯಿ, ಒಂದು ಅಕ್ಷರ ತಪ್ಪಲಿಲ್ಲ. "ಗುಡ್ಡೆ ಭದ್ರವಾಗಿದೆ. ಯಾರೂ ಭಯಪಡಬೇಕಾಗಿಲ್ಲ. ಕೆಳಗಿನ ಮನೆಯವರು ನೆಮ್ಮದಿಯಾಗಿ ಮಲಗಬಹುದು." ಆಮೇಲೆ ನೀನು ಮತ್ತೆ ಬಂದು, "ಎರಡೂ ಕಡೆಯ ಮಾತು ಕೇಳಿದಿರಿ, ತೀರ್ಮಾನ ನಿಮ್ಮದು" ಎಂದು ಕೈ ಮುಗಿದೆ.

ಯಾವ ಎರಡು ಕಡೆ? ಬಂದದ್ದು ಒಬ್ಬನೇ. ಅವನೂ ಮಲಗಿ ಅಂದ.

ಎಲ್ಲರೂ ನನ್ನ ಮುಖ ನೋಡಿದರು. "ಏನಮ್ಮ, ನಿಮ್ಮ ತಮ್ಮ ನಿಮಗೊಂದು ಹೇಳ್ತಾನೆ, ಊರಿಗೊಂದು ಹೇಳ್ತಾನೆ?" ಅಂದರು. ಅಂಗಡಿಯವನು ಬಾಗಿಲಲ್ಲಿ ನಿಂತು ಕೈ ಆಡಿಸಿ ಏನೇನೋ ಒದರುತ್ತಿದ್ದ, ಹೋಗಿ ಹೋಗಿ ಅಂತ. ಈ ಜಾಗದ ಮೇಲೆ ಅವನಿಗೆ ಮೊದಲಿನಿಂದ ಕಣ್ಣು. ಎಣ್ಣೆ ಮಾಮ ಅವನನ್ನು ತಳ್ಳಿ ಬಾಗಿಲು ಹಾಕಿದರು.

ಅಜ್ಜಿ ಪಾತ್ರೆಗಳನ್ನು ಚೀಲದಿಂದ ತೆಗೆದು ಮತ್ತೆ ಜೋಡಿಸಿದ್ದಾಳೆ. ನಿನ್ನ ಭಾವ ಮಾತ್ರ, "ಹುಡುಗನಿಗೆ ಈಗ ಸಮಾಧಾನ ಆಗಿರಬೇಕು, ಇನ್ನೊಮ್ಮೆ ಪರೀಕ್ಷೆ ಮಾಡಿಸಿರ್ತಾನೆ," ಅಂದರು. ಬಚ್ಚಲಿಗೆ ಹೊಸ ಬಾಗಿಲು ಮಾಡುತ್ತಿದ್ದಾರೆ.

ಮುಂದಿನ ತಿಂಗಳು ನನ್ನ ಕಣ್ಣಿನ ಪೊರೆ ತೆಗೆಯುತ್ತಾರೆ. ಕೆಲವು ದಿನ ಆಸ್ಪತ್ರೆಯಲ್ಲಿರಬೇಕಂತೆ. ಬರಬೇಕೆಂದಿಲ್ಲ. ನಿನಗೆ ಕೆಲಸ ಇರುತ್ತದೆ.

ಅಕ್ಕ

ಮೇ ೯

ಅಕ್ಕಾ,

ಮನೆಗೆ ಬಂದು ಚೀಲ ಇಳಿಸಿದೆ, ನಿನ್ನ ಕಾಗದ ಕಂಡಿತು. ಕಾರ್ಯಕ್ರಮದ ಮರುದಿನವೇ ನಕ್ಷತ್ರ ನೋಡುವ ದೂರದರ್ಶಕ ಕೇಂದ್ರದ ಚಿತ್ರೀಕರಣಕ್ಕೆ ಬೆಟ್ಟ ಹತ್ತಿದವನು ಇವತ್ತು ಇಳಿದೆ. ನೀವು ಮನೆ ಬಿಟ್ಟಿದ್ದೀರಿ ಎಂದೇ ತಿಳಿದಿದ್ದೆ. ದಿನವೂ ಹಾಗೇ ತಿಳಿದು ನಿದ್ದೆ ಮಾಡಿದೆ.

ಅಕ್ಕಾ, ನಾನು ಹೇಳಿದೆ. ಗುಡ್ಡೆ ತೋರಿಸುವಾಗ, ಲಾರಿ ತೋರಿಸುವಾಗ, ಅಜ್ಜಿಯ ಕೋಳಿ ಓಡುವಾಗ, ಅಷ್ಟು ಹೊತ್ತೂ ಹಿಂದಿನಿಂದ ನನ್ನ ಧ್ವನಿಯೇ ಬರುತ್ತಿತ್ತು. ಕುಸಿಯುತ್ತದೆ, ಜನ ಇವತ್ತೇ ಹೊರಡಬೇಕು ಎಂದು ಹೇಳಿದೆ. ಆ ಸಕ್ಕರೆ ಜಾಹೀರಾತಲ್ಲ. ಆ ಕೈ ನನ್ನದು. ಗುಡ್ಡೆಯೊಳಗೆ ಏನಾಗುತ್ತಿದೆ ಎಂದು ತೋರಿಸುತ್ತಿದ್ದೆ.

ನನ್ನ ಮುಖ ತೋರಿಸಿಯೇ ಹೇಳಬೇಕೆಂದಿದ್ದೆ. ಹಾಗೇ ಚಿತ್ರೀಕರಿಸಿಯೂ ಇದ್ದೆ. ಚಾನೆಲ್ಲಿನ ವಕೀಲರು ಒಪ್ಪಲಿಲ್ಲ. ಕ್ಯಾಮರಾ ನೋಡಿ ನೀನೇ ಹೇಳಿದರೆ ಅದು ಚಾನೆಲ್ಲಿನ ಮಾತಾಗುತ್ತದೆ, ಗಣಿಯವರು ಕೋರ್ಟಿಗೆ ಎಳೆಯುತ್ತಾರೆ. ಚಿತ್ರದ ಹಿಂದೆ ಹೇಳಿದರೆ ಬರೀ ವರದಿ ಎಂದರು. ಸಂಪಾದಕರು, "ಮಾತು ಅದೇ ತಾನೇ, ಮುಖ ಇದ್ರೇನು ಇಲ್ದಿದ್ರೇನು?" ಅಂದರು. ನಾನೂ ಹೌದಲ್ಲ ಅಂದುಕೊಂಡೆ. ನಿನ್ನ ಮನೆಯಲ್ಲಿ ಬೆಳೆದವನು, ಹೌದಲ್ಲ ಅಂದುಕೊಂಡೆ.

ಈ ಕಾಗದ ಕೈಗೆ ಸಿಕ್ಕ ಕೂಡಲೇ ಹೊರಡಿ. ಯಾರನ್ನೂ ಕೇಳುತ್ತಾ ನಿಲ್ಲಬೇಡ. ಅಂಗಡಿಗೆ ಫೋನು ಮಾಡಿದೆ, ಯಾರೂ ಎತ್ತುತ್ತಿಲ್ಲ. ಇದನ್ನು ತುರ್ತು ಅಂಚೆಗೆ ಹಾಕಿ ನಾನೂ ಹೊರಡುತ್ತಿದ್ದೇನೆ. ನನಗಿಂತ ಮುಂಚೆ ಇದು ತಲುಪಿದರೂ ತಲುಪೀತು.

ತಮ್ಮ

ಜೂನ್ ೬

ತಮ್ಮಾ,

ನಿನ್ನ ಮೇ ತಿಂಗಳ ಕಾಗದವನ್ನು ಅಂಚೆಯವನು ಆಸ್ಪತ್ರೆಗೆ ತಂದುಕೊಟ್ಟ. ಲಕೋಟೆಯ ಮೇಲೆ ಮನೆಯ ನಂಬರು ಇತ್ತು. ಆ ನಂಬರಿನ ಮನೆ ಹುಡುಕಿ ಸಾಕಾಗಿ, ಬದುಕಿದವರು ಯಾರು ಎಂದು ವಿಚಾರಿಸಿಕೊಂಡು ಬಂದನಂತೆ.

ಗುಡ್ಡೆ ಜಾರಿದಾಗ ನನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಒಂದೊಂದಾಗಿ ಮಾಡೋಣ ಎಂದು ಡಾಕ್ಟರು ಹೇಳಿದ್ದರು, ಎರಡು ಸಲ ಬರಲಾರೆ ಎಂದು ಜಗಳ ತೆಗೆದವಳು ನಾನೇ. ಕಿವಿ ಮೊದಲೇ ಇಲ್ಲ. ನೆಲ ಒಂದು ಸಲ ನಡುಗಿತು, ಮಂಚದ ಕಬ್ಬಿಣದಲ್ಲಿ ತಿಳಿಯಿತು. ಲಾರಿ ಅಂದುಕೊಂಡೆ. ಆಮೇಲೆ ವಾರ್ಡಿನಲ್ಲಿ ಜನ ಓಡಾಡುವ ಗಾಳಿ ಮುಖಕ್ಕೆ ಬಡಿಯಿತು. ಯಾರು ಹತ್ತಿರ ಬಂದರೂ ಕೇಳಿದೆ, ಏನಾಯ್ತು, ನಮ್ಮೆಜಮಾನರು ಯಾಕೆ ಬಂದಿಲ್ಲ, ಊಟ ಯಾಕೆ ತಂದಿಲ್ಲ ಎಂದು. ಎಲ್ಲರೂ ನನ್ನ ಭುಜ ತಟ್ಟಿದರು. ಭುಜ ತಟ್ಟಿದರೆ ಏನು ತಿಳಿಯುತ್ತದೆ? ನಾನು ಇವರನ್ನು ಬೈದೆ ತಮ್ಮಾ. ಸೋಮಾರಿ, ಹೆಂಡತಿ ಆಸ್ಪತ್ರೆಯಲ್ಲಿದ್ದರೆ ಹಾಯಾಗಿ ಮಲಗಿದ್ದಾರೆ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಬೈದೆ. ಹಾಗೆ ಬೈಯುವಾಗ ಇವರು ಮಣ್ಣಿನಡಿ ಇದ್ದರು.

ಒಬ್ಬರು ಬಂದು ಬಹಳ ಹೊತ್ತು ನನ್ನ ಕೈ ಹಿಡಿದು ಕೂತಿದ್ದರು. ಯಾರೋ ನರ್ಸು, ಕೆಲಸವಿಲ್ಲ ಅಂದುಕೊಂಡೆ. ಕೈ ಒದ್ದೆಯಾಗಿತ್ತು. ಅದು ನೀನಂತೆ. ಪಟ್ಟಿ ಬಿಚ್ಚಿದ ಮೇಲೆ ನರ್ಸು ಹೇಳಿದಳು. "ನಿಮ್ ತಮ್ಮ, ಟೀವಿಯವ್ರು. ಏನೂ ಹೇಳ್ದೆ ಎದ್ದು ಹೋದ್ರು."

ಅಂಗೈ ನಿನ್ನ ಕೈಯಲ್ಲೇ ಇತ್ತು. ಬೆರಳಿನಲ್ಲಿ ಬರೆದಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ? ನಾಲ್ಕನೇ ತರಗತಿಗೆ ಬಿಟ್ಟವಳು ಸರಿ, ಅಷ್ಟು ಅಕ್ಷರ ಗೊತ್ತಿದೆ. ಹಾಗೆ ಮಾಡದೆ ಪಟ್ಟಿ ಬಿಚ್ಚುವವರೆಗೂ ನನ್ನನ್ನು ಕಾಯಿಸಿದೆ. ಕಣ್ಣು ಬಿಟ್ಟಾಗ ಎದುರಿಗೆ ಇದ್ದದ್ದು ಆ ನರ್ಸಿನ ಬಾಯಿ. ಹೊಸ ಕಣ್ಣಿನಲ್ಲಿ ಮೊದಲು ಓದಿದ್ದು ಇವರು ಇಲ್ಲ ಅನ್ನುವ ಮಾತು.

ಸಾಲಿನಲ್ಲಿ ಯಾರೂ ಉಳಿದಿಲ್ಲ. ಅಂಗಡಿಯವನು ಬದುಕಿದ್ದಾನೆ. ನಿನ್ನ ಕಾರ್ಯಕ್ರಮ ಕೇಳಿದ ಮಾರನೆಯ ದಿನವೇ ಅಂಗಡಿ ಮುಚ್ಚಿ ಹೆಂಡತಿ ಮಕ್ಕಳ ಜೊತೆ ಹೊರಟುಹೋಗಿದ್ದ, ಪೀಡೆ ತೊಲಗಿತು ಅಂದುಕೊಂಡಿದ್ದೆವು. ಅವನಿಗೆ ಕಿವಿ ಇತ್ತು.

ಹೋಗಲು ಮನೆಯಿಲ್ಲ, ಇನ್ನೂ ವಾರ್ಡಿನಲ್ಲೇ ಇದ್ದೇನೆ. ಇಲ್ಲಿ ಗೋಡೆಯಲ್ಲಿ ಒಂದು ಟೀವಿ ಇದೆ. ದಿನವೂ ನಿನ್ನನ್ನು ತೋರಿಸುತ್ತಾರೆ. ಹಳೆಯ ಕಾರ್ಯಕ್ರಮದ ತುಂಡು ಹಾಕಿ, ಮೇಲೆ ದೊಡ್ಡ ಅಕ್ಷರದಲ್ಲಿ "ನಾವು ಅಂದೇ ಹೇಳಿದ್ದೆವು" ಎಂದು. ಅಜ್ಜಿಯ ಕೋಳಿ ದಿನಕ್ಕೆ ಎಷ್ಟು ಸಲ ಓಡುತ್ತದೋ. ಯಾರಿಗೆ ಹೇಳಿದಿರಿ? ಊಟದ ಮೇಜಿನಲ್ಲಿ ಕೂತು ಸಾರು ಚೆನ್ನಾಗಿಲ್ಲ ಎಂದು ಗೊಣಗುತ್ತಾ ಕೇಳಿದವರಿಗೆ ಹೇಳಿದಿರಿ. ಅವರ ಮನೆಯ ಹಿಂದೆ ಗುಡ್ಡೆ ಇರಲಿಲ್ಲ.

ಅಕ್ಕ

ಜೂನ್ ೨೦

ಅಕ್ಕಾ,

ಆ ದಿನ ನಿನ್ನ ಅಂಗೈಯಲ್ಲಿ "ಭಾ" ಎಂದು ಬರೆಯಲು ಬೆರಳು ಇಟ್ಟೆ. ನೀನು, "ಕಚಗುಳಿ ಆಗುತ್ತೆ, ಬಿಡಮ್ಮ," ಅಂದೆ. ಆಮೇಲೆ ನನ್ನಿಂದ ಆಗಲಿಲ್ಲ.

ನನಗೆ ಬಹುಮಾನ ಕೊಡುತ್ತಾರಂತೆ. ಈ ಭಾನುವಾರ ನೇರ ಪ್ರಸಾರದಲ್ಲಿ ನನ್ನ ಜೊತೆ ಸಂದರ್ಶನ. ವಿಜ್ಞಾನ ಹೇಳಿದ್ದನ್ನು ಜನ ಕೇಳಲಿಲ್ಲ, ಅದರ ಫಲ ನೋಡಿ, ಎಂದು ಮಾತಾಡಬೇಕಂತೆ. ಜನ ಕೇಳಲಿಲ್ಲವಂತೆ ಅಕ್ಕಾ.

ಹೋಗುತ್ತೇನೆ. ಅವರು ಹೇಳಿಕೊಟ್ಟದ್ದನ್ನು ಹೇಳುವುದಿಲ್ಲ. ಸಾಧ್ಯವಾದರೆ ನೋಡು.

ತಮ್ಮ

ಜೂನ್ ೩೦

ತಮ್ಮಾ,

ನೋಡಿದೆ.

ನನ್ನನ್ನು ಈಗ ದಿಕ್ಕಿಲ್ಲದವರ ಮನೆಗೆ ಹಾಕಿದ್ದಾರೆ. ಉದ್ದನೆಯ ಕೋಣೆ, ಮಂಚಗಳ ಸಾಲು, ಕೊನೆಯಲ್ಲಿ ಟೀವಿ. ಮಂಚ ಬಿಟ್ಟು ಹೋಗಿ ಅದರ ಮುಂದೆ ನೆಲದ ಮೇಲೆ ಕೂತೆ. ಸಂದರ್ಶನ ಮಾಡುವ ಹುಡುಗಿ ಏನೋ ಕೇಳಿದಳು, ನೀನು ಅವಳನ್ನು ಬಿಟ್ಟು ಕ್ಯಾಮರಾದ ಕಡೆ ತಿರುಗಿದೆ. "ಅವರು ಕೇಳದೆ ಇದ್ದದ್ದಲ್ಲ. ನಾನು ಅವರಿಗೆ ಹೇಳಲೇ ಇಲ್ಲ," ಅಂದೆ. ಆಗ ಹಿಂದಿನಿಂದ ಯಾರೋ ಬಂದು ಟೀವಿಯ ತಲೆಗೆ ಗುದ್ದಿದರು. ನಮ್ಮ ಕಡೆ ತಿರುಗಿ, "ಧ್ವನಿ ಹೋಯ್ತು, ಹಾಳಾದ್ ಪೆಟ್ಟಿಗೆ," ಅಂದರು. ಇನ್ನೊಬ್ಬರು ತಂತಿ ಎಳೆದರು. ನಾನು ಅವರ ಕೈಗೆ ಹೊಡೆದೆ.

ಚಾನೆಲ್ಲಿನವರು ಧ್ವನಿ ಕತ್ತರಿಸಿದ್ದಾರೆ ಎಂದು ನಿನಗೆ ಗೊತ್ತಾಗಲಿಲ್ಲ ಅಲ್ಲವೇ? ಗೊತ್ತಾಗಿರಲಿಕ್ಕಿಲ್ಲ. ಮಾತಾಡುತ್ತಲೇ ಇದ್ದೆ. ಗಣಿಯ ಇಂಜಿನಿಯರನಿಗೆ ಮುಖ ಕೊಟ್ಟೆವು, ವಿಜ್ಞಾನಕ್ಕೆ ಮುಖ ಕೊಡಲಿಲ್ಲ ಅಂದೆ. ಆ ಸಾಲಿನವರು ಕಣ್ಣಿನಿಂದ ಕೇಳುವವರು, ಗೊತ್ತಿದ್ದವನು ಚಾನೆಲ್ಲಿನಲ್ಲಿ ನಾನೊಬ್ಬನೇ ಅಂದೆ. ವಕೀಲರ ಮಾತು, ಸಂಪಾದಕರ ಮಾತು, ಎಲ್ಲ ಅಂದೆ. ಕೊನೆಯಲ್ಲಿ ಮಗ್ಗದ ಶೆಡ್ಡಿನಲ್ಲಿ ಮಾತಾಡುವ ಹಾಗೆ ಬಾಯಿ ದೊಡ್ಡದು ಮಾಡಿ, "ಅಕ್ಕಾ, ಭಾವ ನನ್ನನ್ನು ನಂಬಿದ್ದರು," ಅಂದೆ. ಆಮೇಲೆ ಸಾಬೂನಿನ ಜಾಹೀರಾತು ಬಂತು.

ಕೋಣೆಯಲ್ಲಿ ಒಬ್ಬರಿಗೂ ಏನೂ ತಿಳಿಯಲಿಲ್ಲ. ಊರೂರಲ್ಲೂ ಹೀಗೇ ಪೆಟ್ಟಿಗೆ ಗುದ್ದಿರುತ್ತಾರೆ. ನಿನ್ನ ಬಾಯಿ ಓದಬಲ್ಲವರು ಒಂದು ಸಾಲು ತುಂಬ ಇದ್ದರು. ಎಣ್ಣೆ ಮಾಮನಿಗಾದರೆ ಟೀವಿ ಓಣಿಯ ಆಚೆ ಇದ್ದರೂ ತಿಳಿಯುತ್ತಿತ್ತು.

ಗುಡ್ಡೆ ಕುಸಿದ ಬಗ್ಗೆ ಸರ್ಕಾರ ನಡೆಸುತ್ತಿರುವ ವಿಚಾರಣೆಯ ಅಧಿಕಾರಿಯ ಹತ್ತಿರ ಹೋಗಿ ನೀನು ಹೇಳಿದ್ದೆಲ್ಲ ಒಂದೊಂದಾಗಿ ಹೇಳಿದೆ. ಅವರು ಒಳ್ಳೆಯವರೇ, ಮುಖ ನೋಡಿ ನಿಧಾನವಾಗಿ ಮಾತಾಡಿದರು. "ಪ್ರಸಾರದಲ್ಲಿ ಶಬ್ದವೇ ಇಲ್ವಲ್ಲಮ್ಮ. ಶಬ್ದ ಇಲ್ದೆ ಇದ್ದದ್ದನ್ನ ನಾನು ಹೇಗೆ ಬರ್ಕೊಳ್ಳಲಿ?" ಅಂದರು. ಪೆನ್ನು ಮುಚ್ಚಿದರು.

ಅಕ್ಕ

ಆಗಸ್ಟ್ ೧೭

ತಮ್ಮಾ,

ನಿನ್ನ ಕಾಗದಗಳು ಬರುತ್ತಿವೆ. ಚಾನೆಲ್ಲಿನಿಂದ ತೆಗೆದದ್ದು, ಬೇರೆ ಯಾರೂ ಕರೆಯದೆ ಇರುವುದು, ವಿಜ್ಞಾನಿ ಹೆಣ್ಣುಮಗಳ ಹೆಸರು ಹೇಗೋ ಹೊರಬಂದು ಆಕೆಯ ಕೆಲಸವೂ ಹೋದದ್ದು, ಎಲ್ಲ ತಿಳಿಯಿತು. ಆಕೆಗೆ ನಾನು ಏನು ಬರೆಯಲಿ? ಬರೆಯುವುದಿಲ್ಲ.

ಮೂರು ಕಾಗದದಲ್ಲೂ ಒಂದೇ ಮಾತು: ಬಂದು ಕರೆದುಕೊಂಡು ಹೋಗುತ್ತೇನೆ, ನನ್ನ ಜೊತೆ ಇರು. ಇಲ್ಲಿ ನನಗೆ ಸುಖವಿಲ್ಲ. ಇಲ್ಲಿನವರು ಬೆನ್ನು ತಿರುಗಿಸಿ ಮಾತಾಡುತ್ತಾರೆ, ಬಾಯಿಗೆ ಕೈ ಇಟ್ಟು ನಗುತ್ತಾರೆ, ಯಾರ ತುಟಿಯೂ ಆಡುವುದಿಲ್ಲ. ಊಟದ ಹೊತ್ತಾಯಿತು ಎಂದು ತಟ್ಟೆ ನೋಡಿ ತಿಳಿಯಬೇಕು. ದಿನಗಟ್ಟಲೆ ನನಗೆ ಯಾರ ಮಾತೂ ಇಲ್ಲ. ಇದೆಲ್ಲ ನಿಜ.

ಆದರೂ ನೀನು ಬರಬೇಡ.

ಸಿಟ್ಟಿಗೆ ಬರೆಯುತ್ತಿಲ್ಲ. ಸಿಟ್ಟಿದ್ದರೆ ಬಾ ಎನ್ನುತ್ತಿದ್ದೆ, ಬಾಗಿಲಲ್ಲೇ ನಿಲ್ಲಿಸಿ ಬೈದು ಒಳಗೆ ಕರೆಯುತ್ತಿದ್ದೆ. ನಿನ್ನ ಭಾವ ಆ ಭಾನುವಾರ ಎಲ್ಲರ ಮುಂದೆ ಕೂತು, ಗುಡ್ಡೆ ತೋರಿಸುವಾಗಲೆಲ್ಲ, "ತಡೀರಿ, ಹುಡುಗ ಈಗ ಬರ್ತಾನೆ, ಈಗ ಹೇಳ್ತಾನೆ," ಅನ್ನುತ್ತಿದ್ದರು. ನೀನು ತೆರೆಗೆ ಬಂದಾಗ ಇವರು ಮುಂದಕ್ಕೆ ಬಾಗಿ ನಿನ್ನ ಬಾಯಿಯನ್ನೇ ನೋಡಿದರು. ನೀನು ಬಂದು ನನ್ನೆದುರಿಗೆ ಕೂತರೆ, ಊಟಕ್ಕೆ ಏನು ಬೇಕು ಎಂದು ಕೇಳಿದರೂ, ನಾನು ನೋಡಬೇಕಾದದ್ದು ಅದೇ ಬಾಯಿಯನ್ನು. ಬೇರೆಯವರ ಹಾಗೆ ಕಣ್ಣು ಮುಚ್ಚಿಕೊಂಡು ತಮ್ಮನ ಮಾತು ಕೇಳಲು ನನಗೆ ಬರುವುದಿಲ್ಲ.

ಕಾಗದ ಬರೆ. ಕಾಗದಕ್ಕೆ ಬಾಯಿಲ್ಲ. ಅಕ್ಷರ ದೊಡ್ಡದಾಗಿರಲಿ.

ಅಕ್ಕ